ಗೆರೆ ಓಡುತ್ತಿತ್ತು

ಮಾರ್ಚ್ 4

ಪ್ರೀತಿಯ ತಮ್ಮ ತಂತಿ,

ನೀನು ಊರಿಗೆ ಹೋದ ಮೇಲೆ ನಾನು ಒಂದು ಫೋನೂ ಮಾಡಲಿಲ್ಲವೆಂದು ಮುನಿಸಿಕೊಳ್ಳಬೇಡ. ನಮ್ಮ ಎರಡು ಕೋಣೆಯ ಮನೆ ನಿನಗೆ ಗೊತ್ತೇ ಇದೆ. ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಅತ್ತೆಗೆ ಕೇಳಿಸುತ್ತದೆ. ವಯಸ್ಸಾದಂತೆ ಎಲ್ಲರ ಕಿವಿಯೂ ಮಂದವಾದರೆ ಇವರದು ಚುರುಕಾಗುತ್ತಾ ಹೋಗುತ್ತಿದೆ. ಅದಕ್ಕೇ ಈ ಕಾಗದ. ಅಂಗಡಿಯ ಹಿಂಬದಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಾವುದೋ ಹೋಟೆಲಿನ ಅಷ್ಟೂ ಕಿಟಕಿಗಳಿಗೆ ಪರದೆ ಹೊಲಿಯಬೇಕು. ನೇರವಾಗಿ ಹೊಲಿಗೆ ಹಾಕಿಕೊಂಡು ಹೋಗುವ ಕೆಲಸ, ತಲೆ ಬೇಕಾಗಿಲ್ಲ. ಅದೇ ತೊಂದರೆಯಾಗಿದೆ.

ನಿಮ್ಮ ಭಾವ ತೀರಿಕೊಂಡಾಗ ನೀನು ಬಂದು ವಾರವಿಡೀ ಇದ್ದೆ. ನಾನು ಪ್ರತಿದಿನ ಕೇಳಬೇಕೆಂದುಕೊಂಡೆ, ಪ್ರತಿದಿನ ನುಂಗಿಕೊಂಡೆ. ಈಗ ಕೇಳುತ್ತೇನೆ.

ಅವತ್ತು ನಾನು ಅಂಗಡಿಯಲ್ಲಿದ್ದೆ. ಅವರಿಗೆ ಲಿಫ್ಟು ರಿಪೇರಿಯ ಕೆಲಸಕ್ಕೆ ರಜೆ. ಆದರೂ ಯಾವುದೋ ಕಟ್ಟಡದಲ್ಲಿ ಲಿಫ್ಟು ಕೆಟ್ಟಿದೆಯೆಂದು ಕರೆ ಬಂತಂತೆ, ಬೂಟು ಹಾಕಿಕೊಳ್ಳಲು ಬಗ್ಗಿದವರು ಹಾಗೇ ಮುಂದಕ್ಕೆ ವಾಲಿದರಂತೆ. ಆಂಬುಲೆನ್ಸಿನಲ್ಲಿ ಜೊತೆಗೆ ಹೋದವರು ಅತ್ತೆ. ನಾನು ಆಸ್ಪತ್ರೆಗೆ ಓಡಿಹೋಗುವ ಹೊತ್ತಿಗೆ ತುರ್ತು ಚಿಕಿತ್ಸೆಯ ಕೋಣೆಯ ಬಾಗಿಲು ಹಾಕಿತ್ತು. ಕಾವಲಿನವನು ಬಿಡಲಿಲ್ಲ. ಕಡೆಗೆ ಬಿಟ್ಟಾಗ ಡಾಕ್ಟರು ಆಗಷ್ಟೇ ಅವರ ಎದೆಯ ಮೇಲಿನಿಂದ ಕೈ ತೆಗೆಯುತ್ತಿದ್ದರು. ತಲೆಯ ಮೇಲ್ಗಡೆ ಮಾನಿಟರು. ಅದರಲ್ಲಿ ಹಸಿರು ಗೆರೆ. ಗೆರೆ ಓಡುತ್ತಿತ್ತು, ತಂತಿ. ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಕಣ್ಣಾರೆ ನೋಡಿದೆ. ನಾನು ನೋಡುತ್ತಿದ್ದ ಹಾಗೆಯೇ ನರ್ಸ್ ಕೈಚಾಚಿ ಅದನ್ನು ಆರಿಸಿಬಿಟ್ಟಳು.

ನಿಲ್ಲಿಸೋಣವಾ ಎಂದು ಡಾಕ್ಟರು ಕೇಳಿದರಂತೆ. "ಸಾಕು, ಬಿಟ್ಬಿಡಿ ನನ್ನ ಮಗನ್ನ" ಎಂದರಂತೆ ಅತ್ತೆ. ಇದನ್ನು ನನಗೆ ಹೇಳಿದ್ದು ಆ ನರ್ಸೇ, ಸಮಾಧಾನ ಮಾಡಲೆಂದು.

ಪ್ರಯೋಗಾಲಯದಲ್ಲಿ ಹೃದಯದ ಮಾಂಸವನ್ನೇ ಬಟ್ಟಲಲ್ಲಿ ಬೆಳೆಸಿ ಬಡಿಯುವಂತೆ ಮಾಡುವವನು ನೀನು. ನೀನೇ ಹೇಳು. ಗೆರೆ ಓಡುತ್ತಿದ್ದರೆ ಮನುಷ್ಯ ಬದುಕಿದ್ದಾನೆ ಎಂದಲ್ಲವೇ?

ಅಕ್ಕ


ಮಾರ್ಚ್ 17

ಅಕ್ಕಾ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಕೆಲಸದ ಗಡಿಬಿಡಿ, ಉತ್ತರ ತಡವಾಯಿತು. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಮಾಡುತ್ತಿದ್ದೇನೆ ಎಂದು ಬರೆದರೆ ನಾನು ನಂಬುವುದಿಲ್ಲ, ಬಂದಾಗ ನಿನ್ನ ತಟ್ಟೆ ನೋಡಿದ್ದೇನೆ.

ಇಲ್ಲಿ ಎಲ್ಲ ಎಂದಿನಂತೆಯೇ. ರಬ್ಬರಿನಂಥ ಮೆತ್ತನೆಯ ಹಾಳೆಯ ಮೇಲೆ ಹೃದಯದ ಜೀವಕೋಶಗಳನ್ನು ಬೆಳೆಸುತ್ತೇವೆ. ಅವು ಒಂದಕ್ಕೊಂದು ಅಂಟಿಕೊಂಡು ಪಟ್ಟಿಯಾಗುತ್ತವೆ. ಆಮೇಲೆ ಯಾರೂ ಹೇಳಿಕೊಡದೆ ಎಲ್ಲ ಒಟ್ಟಿಗೆ ಬಡಿಯಲು ಶುರುಮಾಡುತ್ತವೆ. ಪಟ್ಟಿ ಎಳೆದಾಗ ಹಾಳೆ ಬಾಗುತ್ತದೆ. ಎಷ್ಟು ಬಾಗಿತು ಎಂದು ಅಳೆಯುವುದು ನನ್ನ ಕೆಲಸ. ಹೋದ ಸಲ ಭಾವ ಬಂದಿದ್ದಾಗ ಸೂಕ್ಷ್ಮದರ್ಶಕದಿಂದ ಕಣ್ಣನ್ನೇ ಕೀಳಲಿಲ್ಲ. "ಲೋ ತಂತಿ, ಗ್ರೀಸಿಲ್ಲ, ಹಗ್ಗ ಇಲ್ಲ, ಮೋಟಾರಿಲ್ಲ. ನನ್ನ ಕೆಲಸಕ್ಕೆ ಕಲ್ಲು ಹಾಕೋಕೆ ಹೊರಟಿದೀಯಲ್ಲೋ" ಎಂದಿದ್ದರು.

ನೀನು ಕೇಳಿದ್ದಕ್ಕೆ ಏನು ಹೇಳಲಿ? ಅಂಥ ಮಾನಿಟರುಗಳಲ್ಲಿ ಕೊನೆಯಲ್ಲಿ ಒಂದಿಷ್ಟು ಉಳಿಕೆ ಕಾಣಿಸುವುದುಂಟು. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡ. ನೀನೂ ಅತ್ತೆಯೂ ಒಬ್ಬರಿಗೊಬ್ಬರು ಆಸರೆಯಾಗಿರಬೇಕಾದ ಕಾಲ ಇದು.

ನಿನ್ನ ತಂತಿ


ಏಪ್ರಿಲ್ 2

ತಂತಿ,

ಉಳಿಕೆ ಎಂದೆಯಲ್ಲ, ಆ ಒಂದು ಮಾತು ಸಾಕಾಯಿತು. ನನಗೆ ಹುಚ್ಚು ಹಿಡಿದಿಲ್ಲ ಎಂದಾಯಿತು. ಜೀವ ಇನ್ನೂ ಉಳಿದಿತ್ತು. ಉಳಿದದ್ದನ್ನು ಬಿಡಿ ಎಂದವರು ಹೆತ್ತ ತಾಯಿ.

ಇಷ್ಟು ದಿನ ಅವರೊಂದಿಗೆ ಮಾತು ಕಡಿಮೆ ಮಾಡಿದ್ದೆ ಅಷ್ಟೇ. ಟೀ ಮಾಡಿ ಮೇಜಿನ ಮೇಲಿಡುತ್ತಿದ್ದೆ, ಅವರು ಕುಡಿದು ಲೋಟ ತೊಳೆದಿಡುತ್ತಿದ್ದರು. ಭಾನುವಾರ ಅತ್ತೆ ಇಸ್ತ್ರಿಪೆಟ್ಟಿಗೆ ಹಿಡಿದು ನಿಮ್ಮ ಭಾವನ ನೀಲಿ ಅಂಗಿಗಳನ್ನು, ಆ ಕೆಲಸದ ಅಂಗಿಗಳನ್ನು, ಒಂದೊಂದಾಗಿ ಇಸ್ತ್ರಿ ಮಾಡುತ್ತಿದ್ದರು. ಯಾರು ಹಾಕಿಕೊಳ್ಳುತ್ತಾರೆಂದು? ನನಗೆ ತಡೆಯಲಾಗಲಿಲ್ಲ.

"ಅವರು ಬದುಕಿದ್ರು. ನೀವು ಸಾಕು ಅಂದಾಗ ಅವರಿನ್ನೂ ಬದುಕಿದ್ರು" ಎಂದೆ.

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಯಾರು ಹೇಳಿದ್ದು?"

"ನನ್ನ ತಮ್ಮ. ಜೀವ ಉಳ್ಕೊಂಡಿತ್ತು ಅಂತ ಬರೆದಿದ್ದಾನೆ."

"ತಂತಿ ಹಾಗಂದ್ನಾ?"

"ಹೂಂ."

ಅವರು ಜಗಳಕ್ಕೆ ಬರುತ್ತಾರೆ, ಅಳುತ್ತಾರೆ, ಶಾಪ ಹಾಕುತ್ತಾರೆ ಎಂದು ಕಾದೆ. ಏನೂ ಇಲ್ಲ. ಇಸ್ತ್ರಿಪೆಟ್ಟಿಗೆಯ ವೈರು ಕಿತ್ತರು, ಅರ್ಧ ಮಾಡಿದ ಅಂಗಿಯನ್ನು ಹಾಗೇ ಮಡಚಿಟ್ಟರು. ಮಾರನೆಯ ದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಚೀಲ ತುಂಬಿಕೊಂಡು ನಾದಿನಿಯ ಮನೆಗೆ ಹೊರಟುಹೋಗಿದ್ದರು. ಬೀಗದಕೈ ಪಕ್ಕದ ಮನೆಯವರ ಹತ್ತಿರ ಕೊಟ್ಟಿದ್ದರು. ನನಗೊಂದು ಮಾತಿಲ್ಲ.

ಹೋಗಲಿ ಬಿಡು. ಈಗ ಮನೆಯೆಲ್ಲ ನನ್ನದೇ. ಫೋನಿನಲ್ಲಿ ಗಟ್ಟಿಯಾಗಿ ಮಾತಾಡಬಹುದು. ಆದರೆ ಧ್ವನಿ ತೆಗೆದರೆ ಅಳುವೇ ಬರುತ್ತದೆ, ಅದಕ್ಕೆ ಮತ್ತೆ ಕಾಗದ.

ಅಕ್ಕ


ಏಪ್ರಿಲ್ 11

ಅಕ್ಕಾ,

ಈ ಕಾಗದವನ್ನು ನಿಧಾನವಾಗಿ ಕೂತು ಓದು. ಅರ್ಧಕ್ಕೆ ಸಿಟ್ಟು ಬಂದರೂ ಕೊನೆಯ ತನಕ ಓದು.

ಜೀವ ಉಳಿದಿತ್ತೆಂದು ನಾನು ಬರೆದಿರಲಿಲ್ಲ. ಉಳಿಕೆ ಎಂದು ಬರೆದೆ. ಏನು ಉಳಿದಿತ್ತು ಎಂದು ಬಿಡಿಸಿ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಈಗ ಹೇಳುತ್ತೇನೆ.

ಹೃದಯದಲ್ಲಿ ನಡೆಯುವುದು ಎರಡು ಕೆಲಸ. ಮೊದಲು ಒಂದು ವಿದ್ಯುತ್ ಅಲೆ ಮಾಂಸದುದ್ದಕ್ಕೂ ಹರಿದುಹೋಗುತ್ತದೆ. ಅದು ಬರೀ ಸುದ್ದಿ. ಆ ಸುದ್ದಿ ಕೇಳಿ ಮಾಂಸ ಹಿಂಡಿಕೊಳ್ಳಬೇಕು, ಆಗ ರಕ್ತ ಹೊರಡುತ್ತದೆ. ಮಾನಿಟರಿನ ಗೆರೆ ತೋರಿಸುವುದು ಸುದ್ದಿಯನ್ನು ಮಾತ್ರ. ಹಿಂಡಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಸುದ್ದಿಗೂ ಹಿಂಡುವುದಕ್ಕೂ ನಡುವೆ ಒಂದು ಕೊಂಡಿ ಇದೆ. ರಕ್ತವಿಲ್ಲದೆ, ಉಸಿರಿಲ್ಲದೆ ಮಾಂಸದ ಶಕ್ತಿ ಬರಿದಾದಾಗ ಆ ಕೊಂಡಿ ಕಳಚಿಕೊಳ್ಳುತ್ತದೆ. ಸುದ್ದಿ ಹೋಗುತ್ತಲೇ ಇರುತ್ತದೆ. ಕೇಳುವವರಿರುವುದಿಲ್ಲ.

ಇದು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿರುವುದಲ್ಲ. ನನ್ನ ಬಟ್ಟಲುಗಳಲ್ಲಿ ಪಟ್ಟಿ ಸಾಯುವಾಗ ಎಷ್ಟೋ ಸಲ ನೋಡಿದ್ದೇನೆ. ಕಂಪ್ಯೂಟರಿನಲ್ಲಿ ಗೆರೆ ಚೆನ್ನಾಗಿಯೇ ಬರುತ್ತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಹಾಳೆ ಬಾಗುತ್ತಿರುವುದಿಲ್ಲ, ಮಲಗಿದಂತೆ ಮಲಗಿರುತ್ತದೆ. ನಿನ್ನ ಮೊದಲ ಕಾಗದ ಓದಿದಾಗಲೇ ಇದು ಅದೇ ಎಂದು ನನಗೆ ಹೊಳೆದಿತ್ತು.

ಹಾಗಾದರೆ ಯಾಕೆ ಹೇಳಲಿಲ್ಲ ಎನ್ನುತ್ತೀಯಾ? ಹೇಳಿದರೆ ನೀನು ಮುಂದಿನ ಪ್ರಶ್ನೆ ಕೇಳುತ್ತೀಯೆಂದು ಗೊತ್ತಿತ್ತು. ಕಳಚಿದ ಕೊಂಡಿ ಮತ್ತೆ ಕೂಡುವುದೇ ಇಲ್ಲವೇ ಎಂದು. ಕೂಡುವುದುಂಟು ಅಕ್ಕಾ. ಕಾರಣ ಬೇಗ ಸಿಕ್ಕಿ, ಬೇಗ ಸರಿಹೋದರೆ ಕೆಲವರಲ್ಲಿ ಕೂಡುತ್ತದೆ. ಅದನ್ನು ಬಚ್ಚಿಟ್ಟು ಮಿಕ್ಕಿದ್ದನ್ನಷ್ಟೇ ಹೇಳಲು ಮನಸ್ಸು ಒಪ್ಪಲಿಲ್ಲ, ಎಲ್ಲವನ್ನೂ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ನನಗೆ ಪರಿಚಯದ ಹೃದಯದ ಡಾಕ್ಟರೊಬ್ಬರಿದ್ದಾರೆ. ಅವರನ್ನು ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು: ಎದೆಯ ಮೇಲೆ ಹಿಡಿಯಿರುವ ಸಣ್ಣ ಉಪಕರಣವನ್ನೇನಾದರೂ ಇಟ್ಟು ನೋಡಿದರೇ ಎಂದು. ಸ್ಕ್ಯಾನ್ ಮಾಡುವ ಉಪಕರಣ, ಗಡ್ಡ ಬೋಳಿಸುವ ಮಿಷನ್ನಿನಷ್ಟು ದಪ್ಪ. ಅಂಟಂಟು ಜೆಲ್ ಹಚ್ಚಿ ಅದನ್ನಿಟ್ಟರೆ ಹೃದಯ ಅಲುಗುತ್ತಿದೆಯೋ ಇಲ್ಲವೋ ನೇರವಾಗಿ ಕಾಣುತ್ತದೆ. ಅಷ್ಟು ಹೊತ್ತು ಎದೆ ಒತ್ತಿದ ಮೇಲೂ ಅದರಲ್ಲಿ ಹೃದಯ ನಿಂತೇ ಇದ್ದರೆ, ಆಮೇಲೆ ಯಾರು ಏನು ಮಾಡಿದರೂ ಬಾರದು ಎಂದರು.

ಇಟ್ಟಿದ್ದರೇ? ನೆನಪು ಮಾಡಿಕೊಂಡು ಬರೆ.

ಮತ್ತೆ, ದಯವಿಟ್ಟು ಅತ್ತೆಯನ್ನು ಕರೆದುಕೊಂಡು ಬಾ. ನನ್ನ ಹೆಸರು ಹೇಳಿ ನೀನು ಅವರಿಗೆ ಅಂದ ಮಾತು ನನ್ನ ಕುತ್ತಿಗೆಗೆ ಕಟ್ಟಿಕೊಂಡಿದೆ.

ನಿನ್ನ ತಂತಿ


ಜೂನ್ 3

ಅಕ್ಕಾ,

ಕಾಗದವಿಲ್ಲ, ಫೋನು ಎತ್ತುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ ನಿನ್ನ ಯಜಮಾನಿ "ಇದಾರಪ್ಪ, ಹೊಲೀತಾ ಇದಾರೆ, ಮಾತಾಡೋಕೆ ಇಷ್ಟ ಇಲ್ವಂತೆ" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಇದ್ದೀಯಲ್ಲ, ಅಷ್ಟು ಸಾಕು.

ನನ್ನದೊಂದು ಸಣ್ಣ ಸುದ್ದಿ. ಕೆಲಸ ಬದಲಾಯಿಸಿಕೊಂಡೆ. ಅದೇ ಪ್ರಯೋಗಾಲಯ, ಪಕ್ಕದ ಕೋಣೆ. ಈಗ ಬರೀ ಹಾಳೆಗಳ ಕೆಲಸ. ಜೀವಕೋಶ ಇಲ್ಲ. ಬಗ್ಗಿಸಿದರೆ ಒಂದು ಚೂರು ಕರೆಂಟು ಕೊಡುತ್ತದೆ, ಕರೆಂಟು ಕೊಟ್ಟರೆ ಬಗ್ಗುತ್ತದೆ. ಸಂಜೆ ಹೊತ್ತಿಗೆ ಸ್ವಿಚ್ಚು ಆರಿಸಿ ಮನೆಗೆ ಹೋಗಬಹುದು. ಆರಾಮಾಗಿದೆ.

ನಿನ್ನ ತಂತಿ


ಜುಲೈ 8

ತಂತಿ,

ನಿನ್ನ ಮೇಲೆ ಸಿಟ್ಟು ಬಂದಿತ್ತು. ಮೊದಲು ಅರೆಬರೆ ಹೇಳಿ ನನ್ನನ್ನು ಎತ್ತರಕ್ಕೆ ಹತ್ತಿಸಿದೆ, ಆಮೇಲೆ ಏಣಿ ತೆಗೆದೆ. ಆ ಕಾಗದವನ್ನು ಅರ್ಧ ಓದಿ ಹೊಲಿಗೆ ಮಿಷನ್ನಿನ ಖಾನೆಗೆ ತುರುಕಿದ್ದೆ. ಕೊನೆಯ ತನಕ ಓದು ಎಂದು ಬರೆದಿದ್ದೆಯಲ್ಲ, ಅದಕ್ಕೇ ಓದಲಿಲ್ಲ.

ಹೋದ ವಾರ ನಿಮ್ಮ ಭಾವನ ಜೊತೆ ಕೆಲಸ ಮಾಡುತ್ತಿದ್ದವರು ಬಂದಿದ್ದರು. ಅವರ ಸಲಕರಣೆ ಪೆಟ್ಟಿಗೆ ಕೊಟ್ಟುಹೋಗಲೆಂದು. ಟೀ ಕುಡಿಯುತ್ತಾ ಏನೋ ಮಾತು ಬರಲಿ ಎಂದು ಅವತ್ತು ಕೆಟ್ಟಿದ್ದ ಆ ಲಿಫ್ಟಿನ ವಿಷಯ ತೆಗೆದರು. "ಏನಾಗಿತ್ತು ಅದಕ್ಕೆ?" ಎಂದೆ. "ಕಪ್ಲಿಂಗ್ ಹೋಗಿತ್ತಮ್ಮ, ಮೋಟಾರಿಗೂ ಗಾಲಿಗೂ ನಡುವಿನ ಕೊಂಡಿ. ಮೋಟಾರು ಗುಂಯ್ ಅಂತ ತಿರುಗ್ತಾನೇ ಇತ್ತು. ಒಳಗಡೆ ಲೈಟು ಉರೀತಿತ್ತು, ನಂಬರ್ ಎಲ್ಲ ತೋರಿಸ್ತಿತ್ತು. ಲಿಫ್ಟ್ ಮಾತ್ರ ನಿಂತಲ್ಲೇ" ಎಂದರು.

ಅವರು ಹೋದ ಮೇಲೆ ನಿನ್ನ ಕಾಗದ ತೆಗೆದು ಮೊದಲಿನಿಂದ ಓದಿದೆ.

ಆ ಉಪಕರಣ ಇಟ್ಟಿದ್ದರು, ತಂತಿ. ನಾನು ಒಳಗೆ ಹೋಗಿ ಹತ್ತಿರ ನಿಂತಾಗ ನಿಮ್ಮ ಭಾವನ ಎದೆಯ ಎಡಗಡೆಗೆ ಏನೋ ಅಂಟಂಟಾಗಿ ಹೊಳೆಯುತ್ತಿತ್ತು. ಅತ್ತೆ ಕೈವಸ್ತ್ರದಿಂದ ಅದನ್ನು ಒರೆಸುತ್ತಿದ್ದರು, ಮಗುವಿನ ಬಾಯಿ ಒರೆಸಿದ ಹಾಗೆ, ಮತ್ತೆ ಮತ್ತೆ. ಮಗ ಹೋಗುತ್ತಿದ್ದಾನೆ, ಇವರಿಗೆ ಶುಚಿಯ ಯೋಚನೆ ಎಂದು ಆಗ ಮೈ ಉರಿದಿತ್ತು. ಅದು ಆ ಸ್ಕ್ಯಾನಿನ ಅಂಟು. ನೋಡಿಯೇ ನಿಲ್ಲಿಸಿದ್ದರು.

ಹಾಗಾದರೆ ನಾನು ಆ ಮುದುಕಿಗೆ ಹೇಳಿದ್ದೇನು? ಶನಿವಾರ ನಾದಿನಿಯ ಮನೆಗೆ ಹೊರಡುತ್ತಿದ್ದೇನೆ. ಅಲ್ಲಿಂದ ಬರೆಯುತ್ತೇನೆ.

ಇನ್ನೊಂದು. ಕೆಲಸ ಬದಲಾಯಿಸಿಕೊಂಡದ್ದನ್ನು ಸಣ್ಣ ಸುದ್ದಿ ಎಂದು ಬರೆದಿದ್ದೀಯಲ್ಲ, ನಿನ್ನನ್ನು ಎತ್ತಿ ಆಡಿಸಿದವಳು ನಾನು. ಪಟ್ಟಿ ನಿಂತಾಗಲೆಲ್ಲ ನಿಮ್ಮ ಭಾವನೇ ಕಾಣುತ್ತಿದ್ದರು, ಅಲ್ಲವಾ? ಜೀವ ಇಲ್ಲದ್ದನ್ನು ಆರಿಸಿಕೊಂಡೆ. ನನ್ನ ಕಾಗದಗಳು ನಿನಗೆ ಮಾಡಿದ್ದೇನೆಂದು ನಾನು ಯೋಚಿಸಲೇ ಇಲ್ಲ.

ಅಕ್ಕ


ಜುಲೈ 16

ತಂತಿ,

ನಾದಿನಿಯ ಮನೆಯಿಂದ ಬರೆಯುತ್ತಿದ್ದೇನೆ. ಅತ್ತೆ ಒಳಗೆ ಮಲಗಿದ್ದಾರೆ. ಬಹಳ ಇಳಿದುಹೋಗಿದ್ದಾರೆ. ಬಳೆ ಮೊಣಕೈವರೆಗೂ ಜಾರುತ್ತದೆ. ನನ್ನನ್ನು ಕಂಡಾಗ ಬೈಯಲಿಲ್ಲ. "ಬಾ, ಬಿಸಿಲಲ್ಲಿ ಬಂದಿದೀಯ" ಎಂದು ನೀರು ಕೊಟ್ಟರು. ನೀರು ಕೊಡುವಾಗ ಸ್ವಲ್ಪ ಚೆಲ್ಲಿತು, ಅದಕ್ಕೆ ನನ್ನ ಕ್ಷಮೆ ಕೇಳಿದರು. ಕ್ಷಮೆ ಕೇಳಲು ಹೋದವಳು ನಾನು.

ನೀನು ಬರೆದದ್ದನ್ನು ಓದಿ ಹೇಳಿದೆ. ಸುದ್ದಿ, ಹಿಂಡುವುದು, ಕೊಂಡಿ, ಎಲ್ಲ. ಸ್ಕ್ಯಾನಿನ ಮಾತನ್ನೂ ಹೇಳಿದೆ. "ಅತ್ತೆ, ನೀವು ಸಾಕು ಅನ್ನೋ ಹೊತ್ತಿಗೆ ಅವರಿರಲಿಲ್ಲ. ನನ್ನದೇ ತಪ್ಪು" ಎಂದೆ.

"ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ.

"ಗೆರೆ ನನಗೂ ಕಾಣ್ತಿತ್ತು ಕಣೇ" ಎಂದರು.

ನನಗೆ ಅರ್ಥವಾಗಲಿಲ್ಲ.

"ನಿನಗೊಬ್ಬಳಿಗೇ ಕಣ್ಣಿರೋದಾ? ನಾನೂ ಅದನ್ನೇ ನೋಡ್ತಿದ್ದೆ. ಓಡ್ತಿತ್ತು. ಇದ್ದಾನೆ ಅಂತಾನೇ ಅಂದ್ಕೊಂಡಿದ್ದೆ. ಡಾಕ್ಟ್ರು ಏನೇನೋ ಹೇಳಿದ್ರು, ಒಂದೂ ತಲೆಗೆ ಹೋಗ್ಲಿಲ್ಲ. ಆ ಚಿಕ್ಕ ಡಾಕ್ಟ್ರು ಹುಡುಗ ಒತ್ತಿ ಒತ್ತಿ ಅವನ ಎದೆಮೂಳೆ ಲಟಕ್ ಅಂತು. ನನಗೆ ಕೇಳಿಸ್ತು. ಮತ್ತೆ ಒತ್ತಿದ, ಮತ್ತೆ ಲಟಕ್ ಅಂತು. ಇದ್ದಾನೆ, ಇವರು ಮುರೀತಿದಾರೆ, ಅವನಿಗೆ ಕೂಗೋಕೂ ಆಗ್ತಿಲ್ಲ ಅನ್ನಿಸ್ತು. ಅದಕ್ಕೇ ಸಾಕು ಅಂದೆ. ಬದುಕಿರೋ ಮಗನ್ನೇ ಬಿಟ್ಬಿಡಿ ಅಂದೆ ನಾನು. ನೀನು ಅವತ್ತು ಹಾಗಂದಾಗ, ನೋಡು ಇವಳಿಗೂ ಗೊತ್ತಾಗಿದೆ ಅಂದ್ಕೊಂಡೆ."

ತಂತಿ, ನಾನು ಅವರ ಮೇಲೆ ಹೊರಿಸಿದ್ದನ್ನು ಅವರು ಮೊದಲ ದಿನದಿಂದಲೇ ಹೊತ್ತಿದ್ದರು. ಒಂದೇ ಮನೆಯಲ್ಲಿ ಟೀ ಲೋಟ ಇಡುತ್ತಾ, ತೊಳೆಯುತ್ತಾ, ಇಬ್ಬರೂ ಅದೇ ಗೆರೆಯನ್ನು ನೋಡುತ್ತಿದ್ದೆವು. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಮಲಗಲು ಹೋಗುವಾಗ ಬಾಗಿಲಲ್ಲಿ ನಿಂತರು. "ತಂತೀನ ಒಂದು ಮಾತು ಕೇಳು. ನಾನು ಸಾಕು ಅಂದದ್ದು ಅವನಿಗೆ ಕೇಳಿಸ್ತಾ ಅಂತ."

ಸಮಾಧಾನಕ್ಕೆಂದು ಏನೇನೋ ಬರೆಯಬೇಡ. ಅವರಿಗೆ ತಿಳಿದುಬಿಡುತ್ತದೆ. ನೇರವಾಗಿ ಅವರಿಗೇ ಬರೆ. ನಾನು ಓದಿ ಹೇಳುತ್ತೇನೆ. ಯಜಮಾನಿಗೆ ಹೇಳಿ ರಜೆ ಮುಂದುವರಿಸಿದ್ದೇನೆ.

ಅಕ್ಕ

ಅಂದಹಾಗೆ, ಡಾಕ್ಟರು ರೆಪ್ಪೆ ಎತ್ತಿ ಸಣ್ಣ ಟಾರ್ಚು ಬಿಟ್ಟು ನೋಡಿದ್ದರಂತೆ, ಎರಡೂ ಕಣ್ಣಿಗೆ. ಪಾಪೆಯ ಕಪ್ಪು ದೊಡ್ಡದಾಗಿಯೇ ಇತ್ತು, ಬೆಳಕು ಬಿದ್ದರೂ ಅಲುಗಲಿಲ್ಲ ಎಂದರು ಅತ್ತೆ. ನಿನಗೆ ಉಪಯೋಗವಾಗಬಹುದೆಂದು ಬರೆದೆ.


ಜುಲೈ 25

ಅಮ್ಮಾ, ನಮಸ್ಕಾರ.

ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ನೀವು ಕೇಳಿದ್ದಕ್ಕೆ ನೇರವಾಗಿ ಬರುತ್ತೇನೆ.

ಕೇಳಿಸಿಲ್ಲ.

ನನ್ನೊಬ್ಬನ ಮಾತನ್ನೇ ನಂಬಬೇಡಿ. ನಾನು ಡಾಕ್ಟರಲ್ಲ. ಆದ್ದರಿಂದ ಇಲ್ಲಿನ ಡಾಕ್ಟರ ಹತ್ತಿರ ಹೋಗಿ, ಅಕ್ಕ ಬರೆದದ್ದನ್ನೆಲ್ಲ ಅವರೆದುರಿಗೆ ಓದಿದೆ. ಟಾರ್ಚಿನ ಮಾತು ಬಂದಾಗ ಅವರು ನನ್ನನ್ನು ತಡೆದರು. ಅಷ್ಟು ಹೊತ್ತು ಹೃದಯ ನಿಂತು, ಕಣ್ಣಿನ ಪಾಪೆ ಬೆಳಕಿಗೆ ಅಲುಗದೆ ಇದ್ದ ಮೇಲೆ ಆತನಿಗೆ ಮಾತು ಕೇಳಿಸುವಂತಿರಲಿಲ್ಲ, ನೋವು ತಿಳಿಯುವಂತಿರಲಿಲ್ಲ ಎಂದರು. ಎದೆಮೂಳೆಯದ್ದನ್ನೂ ಕೇಳಿದೆ. ಸರಿಯಾಗಿ ಒತ್ತಿದರೆ ಮುರಿಯುವುದುಂಟಂತೆ. ಆ ಹುಡುಗ ತನ್ನ ಕೈಲಾದಷ್ಟೂ ಮಾಡಿದ್ದಾನೆ ಎಂದರು. ಭಾವನಿಗೆ ಅದು ತಿಳಿದಿಲ್ಲ. ತಿಳಿದದ್ದು ನಿಮಗೊಬ್ಬರಿಗೇ.

ನೀವು ಬದುಕಿರುವ ಮಗನನ್ನು ಬಿಡಲಿಲ್ಲ ಅಮ್ಮಾ. ಹೋದ ಮಗನನ್ನು ಇನ್ನು ಮುಟ್ಟಬೇಡಿ ಎಂದಿರಿ.

ನಾನು ನಾಲ್ಕು ತಿಂಗಳ ಹಿಂದೆಯೇ ಇದನ್ನು ಬಿಡಿಸಿ ಬರೆದಿದ್ದರೆ ನೀವು ಚೀಲ ಹಿಡಿದು ಹೊರಡಬೇಕಾಗಿರಲಿಲ್ಲ. ಬೈಯಬೇಕೆನಿಸಿದರೆ ಅಕ್ಕನ ಕೈಯಲ್ಲಿ ಬರೆಸಿ ಕಳಿಸಿ.

ನಿಮ್ಮ ತಂತಿ


ಆಗಸ್ಟ್ 9

ತಂತಿ,

ನಿನ್ನ ಕಾಗದ ಬಂದ ದಿನ ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು. ಅಲ್ಲೇ ಓದಿದೆ. "ಕೇಳಿಸಿಲ್ಲ" ಎಂಬಲ್ಲಿಗೆ ಬಂದಾಗ ಕೈಯಲ್ಲಿದ್ದ ಒದ್ದೆ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಹಾಗೇ ನಿಂತಿದ್ದರು. ಟವೆಲ್ ತೆಗೆಯುವ ತನಕ ಮುಂದಕ್ಕೆ ಓದಲಿಲ್ಲ.

ಆಮೇಲೆ ಅತ್ತರು. ಮಗ ಸತ್ತ ತಾಯಿ ಅಳುವ ಹಾಗೆ, ಮೊದಲ ಸಲ. ಅವತ್ತು ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯಲ್ಲೂ ಇಲ್ಲ. ಅಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದರಂತೆ. ನಾನೂ ಅತ್ತುಬಿಟ್ಟೆ. ನಾದಿನಿ ಬಂದು ಏನಾಯಿತೆಂದು ನೋಡಿ, ಅವಳೂ ಕೂತು ಅತ್ತಳು. ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು.

ನಿನಗೆ ಬೈಗುಳ ಏನೂ ಬರೆಸಲಿಲ್ಲ. "ಅವನೂ ಒಬ್ಬನೇ ಇದಾನೆ ಪಾಪ" ಎಂದರು ಅಷ್ಟೇ.

ಕರೆದುಕೊಂಡೇ ಹೋಗಬೇಕೆಂದು ಬಂದಿದ್ದೆ. ಅವರ ಮಂಚಕ್ಕೆ ಹೊಸ ಚಾದರ ಹಾಕಿ ಬಂದಿದ್ದೆ. ಚೀಲ ತುಂಬುತ್ತೇನೆಂದೆ. ಬೇಡವೆಂದರು. ಸಿಟ್ಟಿಲ್ಲವೆಂದರು. ನಾಳೆ ನೋಡೋಣ ಎಂದರು. ಮಾರನೆಯ ದಿನವೂ ಹಾಗೇ ಅಂದರು. ನನ್ನ ರಜೆ ಮುಗಿಯಿತು.

ಇವತ್ತು ಬಸ್‌ಸ್ಟ್ಯಾಂಡಿನವರೆಗೂ ನಡೆದುಕೊಂಡು ಬಂದರು. ನಾದಿನಿ ಬೇಡವೆಂದರೂ ಕೇಳಲಿಲ್ಲ. ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಬಸ್ಸು ಬರುವುದು ದೂರದಲ್ಲಿ ಕಾಣಿಸಿದಾಗ ಕೊನೆಯ ಸಲ ಕೇಳಿದೆ.

"ನೀವೂ ಬನ್ನಿ ಅತ್ತೆ. ನಾನೊಬ್ಬಳೇ ಅಲ್ಲಿ ಏನು ಮಾಡಲಿ?"

ನನ್ನ ಕೆನ್ನೆ ಸವರಿದರು. "ಬರಲ್ಲ ಮಗಳೇ. ಆ ಮನೇಲಿದ್ರೆ ಅವನು ಸತ್ತಿದ್ದಾನೆ. ಇಲ್ಲಿದ್ರೆ, ಅಲ್ಲೆಲ್ಲೋ ಕೆಲಸಕ್ಕೆ ಹೋಗಿದ್ದಾನೆ ಅಂದ್ಕೊಂಡಾದ್ರೂ ಒಂದು ತುತ್ತು ಉಣ್ತೀನಿ."

ನಾನು ಮತ್ತೆ ಕರೆಯಲಿಲ್ಲ. ಬಸ್ಸು ಹತ್ತಿದೆ, ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ತಿರುಗುವ ತನಕ ನಿಂತಿದ್ದರು. ಕೈ ಬೀಸಲಿಲ್ಲ.

ಈಗ ಮನೆಗೆ ಬಂದಿದ್ದೇನೆ. ಇನ್ನೂ ದೀಪ ಹಾಕಿಲ್ಲ.

ಅಕ್ಕ